ಗಿರಿಜಾದೇವಿಯ ಸಹಿ

ಹಿಕ್ಸ್‌ವಿಲ್
ಅಕ್ಟೋಬರ್ ೧೯, ೨೦೨೨

ರಹೀಮ,

ಏಪ್ರಿಲ್‌ನಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತಬೇಡ, ನನಗೂ ಈಗ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನಿನ್ನ ಶಾರಿಕ್ ನೋಡುತ್ತಾನೆ, ಇಲ್ಲ ನನ್ನ ನಕುಲ್ ನೋಡುತ್ತಾನೆ. ಕನ್ನಡದ ಕೈಬರಹವನ್ನು ನಮ್ಮ ಮಕ್ಕಳಲ್ಲಿ ಒಬ್ಬರೂ ಓದಲಾರರು. ಹೆನ್ಸ್ ದಿಸ್ ಲೆಟರ್. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಅಕ್ಷರ ನೋಡಿ ಇರುವೆ ಮಸಿಯಲ್ಲಿ ಬಿದ್ದು ಎದ್ದು ಓಡಾಡಿದಂತಿದೆ ಎನ್ನುತ್ತಿದ್ದೆ. ಈಗ ಆ ಇರುವೆಗೂ ವಯಸ್ಸಾಗಿದೆ, ನಿಧಾನವಾಗಿ ಓದು.

ನನ್ನ ಗಿರಿಜಾ ಹೋದ ಸುದ್ದಿ ನಿನಗೆ ಮುಟ್ಟಿರುತ್ತದೆ. ಒಂಬತ್ತನೇ ತಾರೀಖು, ಭಾನುವಾರ ಬೆಳಿಗ್ಗೆ. ಫರ್ಹೀನ್ ಬಂದಿದ್ದಳು. ಚುನಾವಣೆಯ ಪ್ರಚಾರ ಬಿಟ್ಟು ಬಂದು ಎರಡು ಗಂಟೆ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಹೋಗುವಾಗ ನನ್ನ ಹತ್ತಿರ ಬಂದು "ಅಂಕಲ್" ಎಂದಳು, ಅಷ್ಟೆ. ನಿನ್ನ ಮಗಳು ಸ್ಟೇಟ್ ಅಸೆಂಬ್ಲಿಗೆ ನಿಂತದ್ದು ನಿನಗಿಂತ ಹೆಚ್ಚಾಗಿ ಗಿರಿಜಾಳಿಗೆ ಸಂಭ್ರಮವಾಗಿತ್ತು. ನಿನ್ನ ನಾಸಿರಾ ಕೆಲಸಕ್ಕೆ ಹೋಗುತ್ತಿದ್ದ ಆರು ವರ್ಷ ಆ ಹುಡುಗಿಯನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಂಡು ಬಂದು ರೊಟ್ಟಿ ಎಣ್ಣಿಗಾಯಿ ತಿನ್ನಿಸಿದವಳು ಅವಳೇ ಅಲ್ಲವೆ.

ವಿಷಯಕ್ಕೆ ಬರುತ್ತೇನೆ. ಗಿರಿಜಾಳ ಪೋಸ್ಟಲ್ ಬ್ಯಾಲಟ್ ಸೆಪ್ಟೆಂಬರ್ ಕೊನೆಗೇ ಬಂದಿತ್ತು. ಎರಡನೇ ತಾರೀಖು ಆಸ್ಪತ್ರೆಗೆ ಒಯ್ದೆ. ಮಂಚದ ಮೇಲೆ ಒರಗಿ ಕೂತು, ಫರ್ಹೀನ್ ಹೆಸರಿನ ಪಕ್ಕದ ಸೊನ್ನೆಯನ್ನು ಕುಂಕುಮ ಇಡುವಷ್ಟು ನಿಗಾದಿಂದ ತುಂಬಿದಳು. ಇನ್ನು ಲಕೋಟೆಯ ಮೇಲೆ ವೋಟರ್ ಸಹಿ. ನಾನು ಅಭ್ಯಾಸದಂತೆ ಪೆನ್ನಿಗೆ ಕೈಚಾಚಿದೆ. ನಿನಗೆ ಗೊತ್ತಲ್ಲ ನಮ್ಮ ಮನೆಯ ರೀತಿ. ಅವಳು ಅಮೆರಿಕಕ್ಕೆ ಬಂದ ಎಂಬತ್ತಾರನೇ ಇಸವಿಯಿಂದ ಬ್ಯಾಂಕಿನ ಕಾಗದ, ಮಗನ ರಿಪೋರ್ಟ್ ಕಾರ್ಡು, ಡಾಕ್ಟರ ಫಾರ್ಮು, ಎಲ್ಲದಕ್ಕೂ ಅವಳ ಇಂಗ್ಲಿಷ್ ಸಹಿ ಹಾಕುತ್ತ ಬಂದವನು ನಾನು. ಅವಳಿಗೆ ಬರುವುದಿಲ್ಲವೆಂದಲ್ಲ. ಅವಳು ಒಲೆಯ ಮುಂದೆ ಇರುತ್ತಿದ್ದಳು, ಪೆನ್ನು ನನ್ನ ಕೈಯಲ್ಲಿರುತ್ತಿತ್ತು, ಅಷ್ಟೆ. ಆ ದಿನ ಅವಳು ಪೆನ್ನು ಬಿಡಲಿಲ್ಲ.

"ಸಾಯೂದ್ರೊಳಗ ಒಂದರ ನನ್ನ ಸಹಿ ನಾನ ಮಾಡ್ತೀನ್ರಿ. ಕೈ ತಗೀರಿ," ಎಂದಳು.

ಕನ್ನಡದಲ್ಲಿ ಮಾಡಿದಳು. ಕೊನೆಯ ವಿ ಅಕ್ಷರ ಮುಗಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು. ನಾನೇ ಪೋಸ್ಟ್ ಮಾಡಿದೆ.

ನಿನ್ನೆ ಚುನಾವಣಾ ಕಚೇರಿಯಿಂದ ಅವಳ ಹೆಸರಿಗೆ ಕಾಗದ ಬಂದಿದೆ. ಲಕೋಟೆಯ ಸಹಿ ನಮ್ಮ ದಾಖಲೆಯ ಸಹಿಗೆ ಹೊಂದುವುದಿಲ್ಲ, ಜೊತೆಗಿರುವ ಫಾರ್ಮಿಗೆ ಸಹಿ ಹಾಕಿ ಇದು ತಮ್ಮದೇ ಎಂದು ದೃಢೀಕರಿಸಿ, ಇಲ್ಲದಿದ್ದರೆ ಮತ ಎಣಿಕೆಯಾಗುವುದಿಲ್ಲ ಎಂದು. ದಾಖಲೆಯ ಸಹಿ ಯಾರದು ಹೇಳು? ವೋಟರ್ ರಿಜಿಸ್ಟ್ರೇಶನ್ ಫಾರ್ಮು ತುಂಬಿದ್ದೂ ನಾನೇ, ಇದೇ ಅಡುಗೆಮನೆಯ ಮೇಜಿನ ಮೇಲೆ. ನನ್ನ ಸುಳ್ಳು ಸಹಿ ಅವರಿಗೆ ನಿಜ, ಅವಳ ನಿಜವಾದ ಸಹಿ ಸುಳ್ಳು. ನಾನು ಈಗ ಕೂತಲ್ಲೇ ಆ ಫಾರ್ಮಿಗೆ ಸಹಿ ಹಾಕಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ.

ಏನು ಮಾಡಲಿ? ನಿನ್ನ ಮಗಳು ಲಾಯರು, ಆದರೆ ಅವಳಿಗೆ ಹೇಳಬೇಡ. ನೀನು ಹೇಳು.

ದಿ ಅಂಡರ್‌ಸೈನ್ಡ್,
ಮುರುಗೆಪ್ಪ


ಓಲ್ಡ್ ಬ್ರಿಡ್ಜ್
ಅಕ್ಟೋಬರ್ ೨೪, ೨೦೨೨

ಮುರುಗೆಪ್ಪ,

ನಾನೂ ಬಂದಿದ್ದೆ. ಫ್ಯೂನರಲ್ ಹೋಮಿನ ಪಾರ್ಕಿಂಗ್‌ನಲ್ಲಿ ಕಾರಿನಲ್ಲೇ ಕೂತಿದ್ದೆ. ಗಿರಿಜಾ ವೈನಿಯನ್ನು ಹೊರಗೆ ತಂದಾಗ ಇಳಿದು ನಿಂತೆ. ನೀನು ನೋಡಲಿಲ್ಲ.

ಸಹಿ ಹಾಕಬೇಡ. ಎಲೆಕ್ಷನ್ ದಿನಕ್ಕಿಂತ ಮೊದಲು ತೀರಿಕೊಂಡವರ ಮತ ಇಲ್ಲಿ ಮತವಲ್ಲ. ಅದು ಹೋಯಿತು ಎಂದುಕೋ. ಫಾರ್ಮನ್ನು ಹರಿದು ಹಾಕು. ಬದುಕಿದ್ದಾಗ ಅವರ ಸಹಿಯನ್ನೆಲ್ಲ ನೀನೇ ಹಾಕಿದೆ. ಇನ್ನಾದರೂ ನಿಲ್ಲಿಸು.

ಫರ್ಹೀನ್‌ಗೆ ಹೇಳಿಲ್ಲ.

ರಹೀಮ


ಹಿಕ್ಸ್‌ವಿಲ್
ಅಕ್ಟೋಬರ್ ೨೯, ೨೦೨೨

ರಹೀಮ,

ನಿನ್ನ ಪತ್ರ ಮೊನ್ನೆ ಗುರುವಾರ ಬಂತು. ಟೂ ಲೇಟ್. ಸೋಮವಾರವೇ ಸಹಿ ಆಗಿಹೋಗಿತ್ತು.

ಬಯ್ಯುವ ಮೊದಲು ಪೂರ್ತಿ ಓದು. ಪ್ರೆಸಿ ಬರೆಯುವುದು ನನಗೆ ಕಾಲೇಜಿನಲ್ಲೂ ಬರಲಿಲ್ಲ. ಮೂರನೇ ಒಂದು ಭಾಗಕ್ಕೆ ಇಳಿಸಿ ಎಂದರೆ ಮೂಲಕ್ಕಿಂತ ಉದ್ದ ಬರೆದು ಸೊನ್ನೆ ತೆಗೆದುಕೊಳ್ಳುತ್ತಿದ್ದೆ. ನೀನು ನಾಲ್ಕೇ ಸಾಲು ಬರೆದು ನಗುತ್ತ ಕೂರುತ್ತಿದ್ದೆ.

ಸೋಮವಾರ ಮಧ್ಯಾಹ್ನ ಬೆಲ್ ಆಯಿತು. ಅವನಿ ಎಂಬ ಹುಡುಗಿ, ಕಾಲೇಜು ಓದುತ್ತಾಳೆ, ಫರ್ಹೀನ್ ಕಡೆಯ ವಾಲಂಟಿಯರ್. ಕೈಯಲ್ಲಿ ಒಂದು ಪಟ್ಟಿ. ಸಹಿ ಹೊಂದದವರ ಮನೆಮನೆಗೆ ಹೋಗಿ ಫಾರ್ಮಿಗೆ ಸಹಿ ಹಾಕಿಸಿಕೊಳ್ಳುವ ಕೆಲಸವಂತೆ. "ಈಸ್ ಗಿರಿಜಾದೇವಿ ಹೋಮ್?" ಎಂದು ಕೇಳಿದಳು. ಹದಿನೈದು ದಿನದಿಂದ ಬಂದವರೆಲ್ಲ ಗಿರಿಜಾ ಇದ್ದಳು, ಗಿರಿಜಾ ಮಾಡುತ್ತಿದ್ದಳು ಎಂದೇ ಮಾತಾಡಿದ್ದರು. ಈ ಹುಡುಗಿ, ಪಾಪ, ಮನೆಯಲ್ಲಿದ್ದಾರಾ ಎಂದು ಕೇಳಿದಳು. ನನ್ನ ಬಾಯಿಂದ ಏನು ಬಂತು ಗೊತ್ತೆ? "ಶಿ ಈಸ್ ರೆಸ್ಟಿಂಗ್. ಐ ಶಲ್ ಗೆಟ್ ಇಟ್ ಸೈನ್ಡ್."

ಒಳಗೆ ಬಂದು ಮೇಜಿನ ಮೇಲೆ ಕಾಗದ ಇಟ್ಟುಕೊಂಡೆ. ಒಲೆಯ ಕಡೆ ನೋಡಿದೆ. ಹಾಕಿದೆ. ಹೊರಗೆ ತಂದು ಕೊಟ್ಟೆ. "ಥ್ಯಾಂಕ್ಸ್, ಅಂಕಲ್. ಟೆಲ್ ಆಂಟಿ ಎವ್ರಿ ವೋಟ್ ಕೌಂಟ್ಸ್," ಎಂದು ಹೇಳಿ ಹೋದಳು.

ಯಾಕೆ ಮಾಡಿದೆನೆಂದು ಕೇಳಿದರೆ ಒಂದೇ ಕಾರಣ. ಯುಗಾದಿಯ ದೀಪ. ಆರು ತಿಂಗಳಿಂದ ನೀನು ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ಕನ್ನಡ ಸಂಘದ ಅಧ್ಯಕ್ಷನಾಗಿ ನಾನು ಫರ್ಹೀನ್‌ಗೆ ವೇದಿಕೆಯ ಮೇಲೆ ಮೂರು ನಿಮಿಷ ಕೊಡಲಿಲ್ಲ. ರಾಜಕೀಯಕ್ಕೆ ಬೈಲಾದಲ್ಲಿ ಅವಕಾಶವಿಲ್ಲ ಎಂದೆ. ಅದೇ ಸಂಜೆ ಅವಳ ಎದುರಾಳಿ, ಆ ಹಾಲಿ ಮೆಂಬರು, ಕೊರಳಿಗೆ ಶಲ್ಯ ಹಾಕಿಕೊಂಡು ದೀಪ ಬೆಳಗಿದ. ಹಿಂದಿನ ದಿನ ನಮ್ಮವರೇ ಕೆಲವರು ಫೋನ್ ಮಾಡಿದ್ದರು. ಏನು ಹೇಳಿದರೆಂದು ಬರೆಯುವುದಿಲ್ಲ. ನಿನಗೆ ಗೊತ್ತು. ನಾನು ಅವರಿಗೆ ಎದುರು ಮಾತಾಡಲಿಲ್ಲ, ಅದೂ ನಿನಗೆ ಗೊತ್ತು.

ಗಿರಿಜಾ ಎರಡು ವಾರ ಊಟ ಬಡಿಸಿದಳು, ಮಾತಾಡಲಿಲ್ಲ. ಆಮೇಲೆ ಕಾಯಿಲೆ ಗೊತ್ತಾಯಿತು, ಮಾತಾಡಿದಳು. ಆದರೆ ಆ ವಿಷಯ ಮಾತ್ರ ಎತ್ತಲೇ ಇಲ್ಲ. ಆಸ್ಪತ್ರೆಯಲ್ಲಿ ಆ ಸೊನ್ನೆ ತುಂಬಿದ್ದೇ ಅವಳು ಕೊಟ್ಟ ಉತ್ತರ. ಅದನ್ನು ಕಸದ ಬುಟ್ಟಿಗೆ ಹೇಗೆ ಹಾಕಲಿ?

ಇನ್ ಹೇಸ್ಟ್ ಅಂಡ್ ಇನ್ ಸಾರೋ,
ಮುರುಗೆಪ್ಪ


ಓಲ್ಡ್ ಬ್ರಿಡ್ಜ್
ನವೆಂಬರ್ ೨, ೨೦೨೨

ಮುರುಗೆಪ್ಪ,

ಸತ್ತವರ ಹೆಸರಿನಲ್ಲಿ ಫರ್ಹೀನ್ ಮತ ಹಾಕಿಸಿದಳು ಎನ್ನಲು ಎದುರಿನವರಿಗೆ ಒಂದೇ ಕಾಗದ ಬೇಕಿತ್ತು. ನೀನು ಬರೆದುಕೊಟ್ಟೆ. ಅದೂ ಅವಳ ವಾಲಂಟಿಯರ್ ಕೈಯಲ್ಲೇ.

ನೀನು ವೈನಿಗಾಗಿ ಮಾಡಲಿಲ್ಲ. ನಿನ್ನ ಮುಖ ತೊಳೆದುಕೊಳ್ಳಲು ಮಾಡಿದೆ. ಏಪ್ರಿಲ್‌ನಲ್ಲಿ ಬಾಯಿ ತೆರೆಯಬೇಕಾದಾಗ ತೆರೆಯಲಿಲ್ಲ, ಅಕ್ಟೋಬರ್‌ನಲ್ಲಿ ಕಳ್ಳ ಸಹಿ ಹಾಕಿ ಸರಿಮಾಡಲು ಹೊರಟೆ. ಐವತ್ತು ವರ್ಷ ನಿನ್ನನ್ನು ಗೆಳೆಯ ಎಂದುಕೊಂಡೆ. ನೀನು ಹಾಸ್ಟೆಲ್ ರೂಮ್‌ಮೇಟ್ ಮಾತ್ರ ಆಗಿದ್ದೆ.

ಕಚೇರಿಗೆ ಹೋಗಿ ಅದನ್ನು ವಾಪಸು ತೆಗೆದುಕೋ. ಅಲ್ಲಿಯವರೆಗೆ ಬರೆಯಬೇಡ.

ಅಬ್ದುಲ್ ರಹೀಮ್


ಹಿಕ್ಸ್‌ವಿಲ್
ನವೆಂಬರ್ ೧೨, ೨೦೨೨

ರಹೀಮ,

ಬರೆಯಬೇಡ ಎಂದಿದ್ದೆ. ಬರೆಯುತ್ತಿದ್ದೇನೆ.

ನಿನ್ನ ಪತ್ರ ಶನಿವಾರ, ಐದನೇ ತಾರೀಖು ಬಂತು. ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೆ, ಯಾರೋ ಆಫೀಸರನಿಗೆ ಬರೆದ ಹಾಗೆ. ಅದನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತೆ. ಮರುದಿನ ಭಾನುವಾರ, ಮೊದಲೇ ಮತ ಹಾಕುವವರಿಗೆ ಕೊನೆಯ ದಿನ. ನಾನೂ ಹೋಗಿ ಹಾಕಿ ಬಂದೆ. ಆ ದಿನದ ಬಗ್ಗೆ ಈಗ ಬೇಡ.

ಸೋಮವಾರ ಚುನಾವಣಾ ಕಚೇರಿಗೂ ಹೋದೆ. ಟೋಕನ್ ತೆಗೆದುಕೊಂಡು ಒಂದು ಗಂಟೆ ಕೂತೆ. ಬಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಐ ಬೆಗ್ ಟು ಸ್ಟೇಟ್ ದಟ್ ಮೈ ಲೇಟ್ ವೈಫ್. ಕೌಂಟರಿನ ಹೆಂಗಸು ತಲೆಯೆತ್ತಿ ನಕ್ಕು ಹೌ ಕೆನ್ ಐ ಹೆಲ್ಪ್ ಯು ಎಂದಳು. ಮೈ ಲೇಟ್ ವೈಫ್ ಎಂಬ ಮೂರು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ನಾನು ನಿಂತೇ ಇದ್ದೆ. ಆಕೆ ನನಗೆ ಒಂದು ಲೋಟ ನೀರು ಕೊಟ್ಟು ಪೋಲಿಂಗ್ ಸ್ಟೇಷನ್ನಿನ ವಿಳಾಸ ಬರೆದುಕೊಟ್ಟಳು. ತೆಗೆದುಕೊಂಡು ಬಂದೆ.

ಎಂಟನೇ ತಾರೀಖಿನ ಎಣಿಕೆಯಲ್ಲಿ ಫರ್ಹೀನ್ ಇಪ್ಪತ್ತಮೂರು ಮತ ಹಿಂದೆ ಎಂದು ಟಿ.ವಿ.ಯಲ್ಲಿ ಓಡಿತು. ಸಾವಿರಾರು ಮತದಲ್ಲಿ ಇಪ್ಪತ್ತಮೂರು. ಪೋಸ್ಟಲ್ ಮತ ಸೇರುತ್ತ ಹೋದಂತೆ ಅಂತರ ಹನ್ನೊಂದಕ್ಕೆ ಇಳಿಯಿತು, ಇವತ್ತು ಮೂರು. ಎರಡೂ ಕಡೆಯವರು ತಕರಾರು ಮಾಡಿದ ಹತ್ತೊಂಬತ್ತು ಲಕೋಟೆಗಳನ್ನು ತೆರೆಯದೆ ಪಕ್ಕಕ್ಕಿಟ್ಟಿದ್ದಾರಂತೆ. ಗಿರಿಜಾಳದು ಅದರಲ್ಲಿದೆಯೆ? ನಕುಲ್‌ಗೆ ಕೇಳಿದೆ. ಅವನು ಫೋನಿನಲ್ಲಿ, "ಡ್ಯಾಡ್, ಯಾಕೆ ಇಷ್ಟು ಅಬ್ಸೆಸ್ ಆಗಿದ್ದೀಯಾ, ಅವಳು ನಮ್ಮ ಕ್ಯಾಂಡಿಡೇಟ್ ಕೂಡ ಅಲ್ಲವಲ್ಲ," ಎಂದ. ನಮ್ಮ ಎನ್ನುವ ಶಬ್ದವನ್ನು ಅವನು ನನ್ನಿಂದಲೇ ಕಲಿತದ್ದು.

ಊಟ ಇಳಿಯುತ್ತಿಲ್ಲ ರಹೀಮ. ಅನ್ನಕ್ಕಿಟ್ಟು ಮರೆತು ಎರಡು ಪಾತ್ರೆ ಸುಟ್ಟೆ. ಒಂದು ಸಾಲು ಬರೆ.

ಮುರುಗೆಪ್ಪ


ಓಲ್ಡ್ ಬ್ರಿಡ್ಜ್
ನವೆಂಬರ್ ೨೮, ೨೦೨೨

ಮುರುಗೆಪ್ಪ,

ಹತ್ತೊಂಬತ್ತರಲ್ಲಿ ವೈನಿಯದೂ ಇದೆ. ಎದುರಿನವರಿಗೆ ನಿಮ್ಮ ಸಂಘದ ಪತ್ರಿಕೆಯಲ್ಲಿ ಬಂದ ಶ್ರದ್ಧಾಂಜಲಿ ಸಿಕ್ಕಿದೆ, ತಾರೀಖಿನ ಸಮೇತ. ತೀರಿಕೊಂಡ ಹದಿನೈದು ದಿನಕ್ಕೆ ಸಹಿ ಹೇಗೆ ಬಂತು ಎಂದು ಕೇಳುತ್ತಿದ್ದಾರೆ. ಫಾರ್ಮನ್ನು ತಂದವಳು ಅವನಿ, ಹಾಗಾಗಿ ಸಹಿ ಹಾಕಿದ್ದೂ ಅವಳೇ ಎಂದು ಅರ್ಜಿ ಹಾಕಿದ್ದಾರೆ. ಇಪ್ಪತ್ತು ವರ್ಷದ ಹುಡುಗಿ. ಅವಳ ತಾಯಿ ತ್ರಿಪುರಸುಂದರಿ ಫರ್ಹೀನ್ ಆಫೀಸಿಗೆ ಬಂದು ಅತ್ತು ಹೋದರು. ಹುಡುಗಿ ಒಂದೇ ಮಾತು ಹೇಳುತ್ತಾಳೆ: ಅಂಕಲ್ ಒಳಗಿನಿಂದ ತಂದುಕೊಟ್ಟರು. ಯಾರೂ ನಂಬುತ್ತಿಲ್ಲ.

ಫರ್ಹೀನ್‌ಗೆ ಎಲ್ಲ ಹೇಳಿದೆ, ಹೇಳಲೇಬೇಕಾಯಿತು. ಅವಳು ಒಂದೇ ಪ್ರಶ್ನೆ ಕೇಳಿದಳು: "ಅಬ್ಬಾ, ಮೊದಲಿನ ಸಹಿ ಗಿರಿಜಾ ಆಂಟಿಯೇ ಮಾಡಿದ್ರಾ?"

ಡಿಸೆಂಬರ್ ಏಳು, ಬುಧವಾರ, ಮಿನಿಯೋಲಾ ಕೋರ್ಟು. ಬಾ ಎಂದು ನಾನು ಕರೆಯುತ್ತಿಲ್ಲ. ತಾರೀಖು ತಿಳಿಸಿದ್ದೇನೆ.

ರಹೀಮ


ಹಿಕ್ಸ್‌ವಿಲ್
ಡಿಸೆಂಬರ್ ೧೧, ೨೦೨೨

ರಹೀಮ,

ನೀನು ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿದ್ದೆ. ಈ ಸಲ ನಾನು ನೋಡಿದೆ. ನನ್ನ ಕಿವಿಗೆ ಅರ್ಧ ಕೇಳಿಸಿತು, ನಿನಗೆ ಪೂರ್ತಿ ಕೇಳಿಸಿರುತ್ತದೆ, ಆದರೂ ಬರೆಯುತ್ತೇನೆ. ಬರೆಯದಿದ್ದರೆ ಇದು ನನ್ನೊಳಗೇ ಕೊಳೆಯುತ್ತದೆ.

ಎದುರಿನ ಲಾಯರು ಅವನಿಯನ್ನು ಎದ್ದು ನಿಲ್ಲಲು ಹೇಳಿದಾಗ ಆ ಹುಡುಗಿ ಸ್ವೆಟರಿನ ತೋಳಿನೊಳಗೆ ಎರಡೂ ಕೈ ಎಳೆದುಕೊಂಡಿದ್ದಳು, ಚಳಿಯಲ್ಲಿ ಬಸ್ಸಿಗೆ ಕಾಯುವ ಮಗುವಿನ ಹಾಗೆ. ಆಗ ನಾನು ಎದ್ದೆ. ಕರೆಯದೆ ಏಳಬಾರದಂತೆ. ಗಾರ್ಡು ಕೂರಿಸಲು ಬಂದ. ಫರ್ಹೀನ್ ಜಡ್ಜ್ ಬಳಿ ಏನೋ ಹೇಳಿದಳು, ಬಿಟ್ಟರು. ಜಡ್ಜಮ್ಮನೇ ಕೇಳಿದರು:

"ಸರ್, ಡಿಡ್ ಯು ಸೈನ್ ಯುವರ್ ವೈಫ್ಸ್ ನೇಮ್?"

"ಯೆಸ್, ಯುವರ್ ಆನರ್. ಫಾರ್ ಥರ್ಟಿ ಸಿಕ್ಸ್ ಇಯರ್ಸ್."

ಯಾರೋ ನಕ್ಕರು. ಜಡ್ಜಮ್ಮ ನಗಲಿಲ್ಲ. ಜೋಡಿಸಿಕೊಂಡು ಹೋದ ಇಂಗ್ಲಿಷೆಲ್ಲ ಆಮೇಲೆ ಉದುರಿಹೋಯಿತು. ಕೋಟಿನ ಜೇಬಿನಿಂದ ಗಿರಿಜಾಳ ಸಿಟಿಜನ್‌ಶಿಪ್ ಸರ್ಟಿಫಿಕೇಟ್ ತೆಗೆದುಕೊಟ್ಟೆ. ಈ ದೇಶದಲ್ಲಿ ಅವಳು ತನ್ನ ಕೈಯಿಂದ ಸಹಿ ಮಾಡಿದ ಇನ್ನೊಂದು ಕಾಗದ ಅದೊಂದೇ, ಯಾಕೆಂದರೆ ಅಲ್ಲಿ ಆಫೀಸರ್ ನನ್ನನ್ನು ಪಕ್ಕದಲ್ಲಿ ನಿಲ್ಲಲು ಬಿಟ್ಟಿರಲಿಲ್ಲ. ಮನೆಗೆ ಬಂದು ಆ ದಿನ ಶಾವಿಗೆ ಪಾಯಸ ಮಾಡಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ.

ಜಡ್ಜಮ್ಮ ಸರ್ಟಿಫಿಕೇಟನ್ನೂ ಲಕೋಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಇಪ್ಪತ್ತನಾಲ್ಕು ವರ್ಷದ ಅಂತರ, ಅದೇ ಅಕ್ಷರ. ಒಂದು ಗಟ್ಟಿ, ಒಂದು ನಡುಗಿದ್ದು. ವಾಟ್ ಡಸ್ ಇಟ್ ಸೇ ಎಂದು ಕೇಳಿದರು. ಓದಿದೆ: ಗಿರಿಜಾದೇವಿ. ನಲವತ್ತು ವರ್ಷ ಏ, ಇವಳೇ, ಕೇಳಿಲ್ಲಿ ಎಂದೇ ಕರೆದವನು. ಅವಳ ಪೂರ್ತಿ ಹೆಸರನ್ನು ಅಷ್ಟು ಜೋರಾಗಿ ಹೇಳಿದ್ದು ಅದೇ ಮೊದಲು.

ಅವಳ ಸಹಿಯೇ ನಿಜವಾದದ್ದು ಎಂದು ದಾಖಲಾಯಿತು. ಆದರೂ ಮತ ನಿಲ್ಲಲಿಲ್ಲ, ಎಲೆಕ್ಷನ್ ದಿನಕ್ಕೆ ಅವಳು ಇರಲಿಲ್ಲವಲ್ಲ. ಅವನಿಯನ್ನು ಬಿಟ್ಟರು. ನನ್ನ ಮೇಲೆ ಏನು ಕ್ರಮ ಎನ್ನುವುದನ್ನು ಬೇರೆಯವರು ನೋಡುತ್ತಾರಂತೆ. ನೋಡಲಿ. ಲಕೋಟೆಯನ್ನು ಕೊಡಿ ಎಂದು ಕೇಳಿದೆ. ಕೊಡುವುದಿಲ್ಲ, ತೆರೆಯದೆ ಇಟ್ಟು ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರಂತೆ.

ಉಳಿದವನ್ನು ಶುಕ್ರವಾರ ತೆರೆದರು. ಫರ್ಹೀನ್ ಒಂದು ಮತದಿಂದ ಸೋತಳು.

ಗಿರಿಜಾಳ ಲಕೋಟೆ ತೆರೆದಿದ್ದರೆ ಸಮ ಆಗುತ್ತಿತ್ತು ಎಂದು ಎಲ್ಲರೂ ಹೇಳುತ್ತಿದ್ದಾರೆ. ಅವರಿಗೆ ಗೊತ್ತಿಲ್ಲದ್ದು ಒಂದಿದೆ. ನವೆಂಬರ್ ಆರನೇ ತಾರೀಖು, ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು, ರೂಮ್‌ಮೇಟ್ ಮಾತ್ರ ಎಂಬ ಸಾಲನ್ನು ಹಲ್ಲಿನಡಿ ಕಚ್ಚಿಕೊಂಡು ಹೋಗಿ, ನಾನು ಆ ಹಾಲಿ ಮೆಂಬರಿಗೆ ಮತ ಹಾಕಿದೆ. ನಿನಗೆ ನೋವಾಗಲಿ ಎಂದು. ನಿನಗೆ ಗೊತ್ತಾಗುವುದೇ ಇಲ್ಲ ಎಂದು ತಿಳಿದೂ. ನನ್ನ ಸಹಿ ಅಲ್ಲಿ ಸರಿಯಾಗಿ ಹೊಂದಿತು, ಯಾರೂ ತಕರಾರು ಮಾಡಲಿಲ್ಲ. ಆ ಭಾನುವಾರ ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಸಮ ಆಗುತ್ತಿತ್ತು.

ಈ ಪತ್ರವನ್ನು ಫರ್ಹೀನ್‌ಗೆ ಓದಿ ಹೇಳು. ನನ್ನ ಬಾಯಿಂದ ಆಗದು. ಅವಳು ಬಂದು ಮುಖಕ್ಕೆ ಉಗಿದು ಹೋಗಲಿ. ಆಮೇಲೆ ಜೈಲಾದರೂ ಸರಿ, ಏನಾದರೂ ಸರಿ.

ನಥಿಂಗ್ ಮೋರ್ ಟು ಆ್ಯಡ್,
ಮುರುಗೆಪ್ಪ


ಓಲ್ಡ್ ಬ್ರಿಡ್ಜ್
ಡಿಸೆಂಬರ್ ೧೮, ೨೦೨೨

ಮುರುಗೆಪ್ಪ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೊದಲ ದಿನ ಹರಿಯಬೇಕೆಂದು ಕೈಯಲ್ಲಿ ಹಿಡಿದೆ. ಹರಿಯಲಿಲ್ಲ.

ನಿನ್ನೆ ಫರ್ಹೀನ್ ಬಂದಿದ್ದಳು. ಸೋತ ಮೇಲೆ ಮೊದಲ ಸಲ. ಸೋಫಾದ ಮೇಲೆ ಕಾಲು ಮಡಚಿ ಕೂತು, ಅಂಕಲ್ ಏನು ಬರೆದಿದ್ದಾರೆ, ಓದಿ ಎಂದಳು. ಕನ್ನಡ ಕೇಳಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ವೈನಿಯ ಅಡುಗೆಮನೆಯಲ್ಲಿ ಕಲಿತದ್ದು. ಅವನಿಯ ಸ್ವೆಟರು, ಪಾಯಸ, ಎರಡು ಸಹಿ, ಎಲ್ಲ ಓದಿದೆ. ನೀನು ಕೋರ್ಟಿನಲ್ಲಿ ಹೆಸರು ಹೇಳಿದ ಜಾಗದಲ್ಲಿ ಅವಳು ಅತ್ತಳು.

ನವೆಂಬರ್ ಆರನೇ ತಾರೀಖು ಎಂದು ಶುರುವಾಗುವ ಸಾಲಿಗೆ ಬಂದೆ. ನಿಂತೆ.

"ಯಾಕೆ ನಿಲ್ಲಿಸಿದ್ರಿ ಅಬ್ಬಾ?"

"ಅಕ್ಷರ ಸರಿ ಇಲ್ಲಮ್ಮ. ಮೊದಲಿಂದಲೂ ಹಾಗೇ ಅವನದು," ಎಂದೆ.

ಆ ಭಾಗ ಬಿಟ್ಟು ನಿನ್ನ ಹೆಸರಿಗೆ ಹಾರಿದೆ. ನನ್ನ ಪ್ರೆಸಿ ನೋಡಿ ಮಾಸ್ತರರು ಬೇಕಾದ್ದು ಯಾವುದೂ ಬಿಟ್ಟುಹೋಗಿಲ್ಲ ಎಂದು ಬರೆಯುತ್ತಿದ್ದರು. ಈ ಸಲ ಬಿಟ್ಟೆ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ನನ್ನ ನವೆಂಬರ್ ಎರಡನೇ ತಾರೀಖಿನ ಪತ್ರವೂ ನಿನ್ನ ಜೇಬಿನಲ್ಲಿ ಆ ಬೂತಿನವರೆಗೆ ಬಂದಿತ್ತು, ಅದನ್ನೂ ನಾನು ಮರೆಯುವಂತಿಲ್ಲ.

ಬರುವ ಭಾನುವಾರ ಅವಳು ಹಿಕ್ಸ್‌ವಿಲ್‌ಗೆ ಬರುತ್ತಾಳೆ. ಆ ಸರ್ಟಿಫಿಕೇಟಿನ ಮೇಲಿನ ಸಹಿ ನೋಡಬೇಕಂತೆ. ತೋರಿಸು. ಊಟ ಹಾಕು. ಆರನೇ ತಾರೀಖಿನದನ್ನು ಹೇಳಬೇಡ. ಅವಳ ಎದುರು ಹೇಳಿ ನೀನು ಹಗುರಾಗಿಬಿಡುತ್ತೀ, ಅವಳು ಅದನ್ನು ಹೊತ್ತುಕೊಂಡು ಜೆರಿಕೋದ ತನ್ನ ಮನೆಗೆ ಡ್ರೈವ್ ಮಾಡಬೇಕಾಗುತ್ತದೆ. ಅದು ನಿನ್ನ ಹತ್ತಿರ, ನನ್ನ ಹತ್ತಿರ ಇರಲಿ.

ಪತ್ರವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಲಾರೆ.

ರಹೀಮ